ಬರೀ ಬೆಳಕಿನ ಫೋಟೋ

ಅಟ್ಟದ ಮೇಲಿಂದ ಪ್ರವಾಸದ ಬ್ಯಾಗು ಎಳೆಯಲು ಹೋದಾಗ ಅದರ ಬೆನ್ನಿಗೇ ಹಳೆಯ ಡಿಜಿಟಲ್ ಕ್ಯಾಮೆರಾ ಉರುಳಿಕೊಂಡು ಬಂದು ನಮ್ಮ ಯಜಮಾನರ ತಲೆಗೆ ಬಡಿಯಿತು. "ಕ್ಯಾಮೆರಾಗೆ ಏನೂ ಆಗಿಲ್ಲ ತಾನೆ?" ಎಂದು ಕೇಳಿದ್ದೇ ನನ್ನ ತಪ್ಪಾಯಿತು. ಮೊದಲು ತಲೆಯನ್ನು ಕೇಳಬೇಕಿತ್ತಂತೆ. ತಲೆ ನನ್ನ ಕಣ್ಣೆದುರಿಗೇ ಇತ್ತು, ಸಿಡಿಮಿಡಿಗುಟ್ಟುತ್ತಲೂ ಇತ್ತು. ಅದಕ್ಕೇನೂ ಆಗಿಲ್ಲವೆಂದು ತಿಳಿಯಲು ವಿಜ್ಞಾನದ ಮೇಡಂ ಆಗಬೇಕಾಗಿಲ್ಲ. ಅರಕಲಗೂಡಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಡಮ್ಮೇ ಆಗಿರುವುದು ಬೇರೆ ಮಾತು.

ಈ ಬೇಸಿಗೆ ರಜೆಗೆ ಕನ್ಯಾಕುಮಾರಿ, ರಾಮೇಶ್ವರ ನೋಡಿಕೊಂಡು ಬರೋಣವೆಂದು ನಾನು, ಯಜಮಾನರು, ಮಗಳು ಚೈತ್ರ ಮೂವರೂ ತೀರ್ಮಾನ ಮಾಡಿದ್ದೆವು. ಬಸ್ಸು ಗೊತ್ತುಮಾಡಿ ಆಗಿತ್ತು, ರೂಮು ಗೊತ್ತುಮಾಡಿ ಆಗಿತ್ತು, ಚಟ್ನಿಪುಡಿಯೂ ಕುಟ್ಟಿ ಆಗಿತ್ತು. ತಲೆಗೆ ಕ್ಯಾಮೆರಾ ಬಿದ್ದ ಗಳಿಗೆಯಲ್ಲಿ ಹುಟ್ಟಿಕೊಂಡ ತಕರಾರು ಒಂದೇ. ಫೋಟೋಗೆ ಫೋನು ಸಾಕೋ, ಇದನ್ನೂ ಹೊತ್ತುಕೊಂಡು ಹೋಗಬೇಕೋ? ಯಜಮಾನರು ಹೊಸ ಫೋನು ಕೊಂಡು ತಿಂಗಳೂ ಆಗಿರಲಿಲ್ಲ. ಅದರ ಬೆನ್ನಿನಲ್ಲಿ ಮೂರು ಕಣ್ಣು. ಶಿವನಿಗೇ ಮೂರು ಸಾಕಾಗಿರುವಾಗ ನಿನಗಿನ್ನೇನು ಬೇಕು ಎಂದು ಅವರು ಕೇಳಿದರು.

ನಾನು ಸುಲಭಕ್ಕೆ ನಂಬುವವಳಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ಬೀದಿ ತಿರುವಿನವರೆಗೆ ಹೋಗಿ ವಾಪಸ್ ಬಂದು ನಾಲ್ಕನೆಯ ಸಲ ಎಳೆಯುತ್ತೇನೆ. ಸಂತೆಯಲ್ಲಿ ಆಲೂಗಡ್ಡೆಯನ್ನು ರಾಶಿಯ ಮೇಲಿನಿಂದ ಆರಿಸಿಕೊಂಡವಳಲ್ಲ; ಬುಡದಿಂದ ಆರಿಸಿ ವ್ಯಾಪಾರಿಗಳಿಂದ ಬೈಸಿಕೊಂಡವಳು. ಪರೀಕ್ಷೆಯ ಹಾಲಿನಲ್ಲಿ ನನ್ನ ಡ್ಯೂಟಿ ಬಿದ್ದರೆ ಮಕ್ಕಳು ಹೆದರಿ ಜಾಮಿಟ್ರಿ ಬಾಕ್ಸನ್ನು ತಾವೇ ತೆರೆದು ತೋರಿಸುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಊರಿಗೆಲ್ಲ ಗಾದೆಯಾಗಿರಬಹುದು, ನನಗಂತೂ ಅದು ದಿನಚರಿ. ಹೀಗಿರುವಾಗ ಮೂರು ಕಣ್ಣಿದೆ ಎಂಬ ಒಂದೇ ಕಾರಣಕ್ಕೆ ಒಂದು ಯಂತ್ರವನ್ನು ನಂಬಿ ಕನ್ಯಾಕುಮಾರಿಯವರೆಗೆ ಹೋಗುವುದು ಹೇಗೆ?

ಇನ್ನೊಂದು ಚಾಳಿಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಏನನ್ನೂ ಎಸೆಯುವುದಿಲ್ಲ. "ಇರಲಿ, ಬೇಕಾಗುತ್ತೆ" ಎನ್ನುವುದು ನನ್ನ ಮಾತು. ಮನೆಯವರು ನನ್ನನ್ನು ಅಣಕಿಸುವಾಗ ಮೊದಲು ಹಿಡಿಯುವುದೂ ಇದೇ ಮಾತನ್ನು. ಬೀರುವಿನ ಕೆಳಗೆ ಒಂದು ಬಿಸ್ಕತ್ತಿನ ಡಬ್ಬವಿದೆ. ಮುರಿದ ಕನ್ನಡಕದ ಕಾಲು, ಯಾವ ಬೀಗದ್ದೆಂದು ತಿಳಿಯದ ಕೀಲಿಕೈ, ಏಳನೇ ತರಗತಿಯ ಅಂಕಪಟ್ಟಿ, ಹಳೆಯ ಲಕೋಟೆಗಳು ಎಲ್ಲವೂ ಅದರಲ್ಲಿವೆ. ಕ್ಯಾಮೆರಾದ ಚಾರ್ಜರು ಕೂಡ ಆ ಡಬ್ಬದಲ್ಲೇ ಸಿಕ್ಕಿದಾಗ ನಾನು ಯಜಮಾನರ ಮುಖವನ್ನು ಬೇಕೆಂದೇ ಒಂದು ನಿಮಿಷ ನೋಡಿದೆ. ಆದರೆ ಬ್ಯಾಟರಿ ಉಬ್ಬಿ ಕೂತಿತ್ತು. ಹೊಸ ಬ್ಯಾಟರಿಗೆಂದು ಇಬ್ಬರೂ ಹಾಸನಕ್ಕೆ ಹೋದೆವು.

ಹಾಸನದ ಆ ಅಂಗಡಿಯವರು ನಮ್ಮ ಬ್ಯಾಟರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿಯನ್ನು ನೋಡುವವರ ಹಾಗೆ ನೋಡಿದರು. ಈ ಕಾಲದಲ್ಲಿ ಕ್ಯಾಮೆರಾ ಯಾರು ಒಯ್ಯುತ್ತಾರಮ್ಮ ಎಂದು ಶುರುಮಾಡಿ, ಯಜಮಾನರ ಫೋನನ್ನು ಇಸಿದುಕೊಂಡು ಅದರ ಮಹಿಮೆಯನ್ನು ನಮಗೇ ವಿವರಿಸತೊಡಗಿದರು. ನಮ್ಮಿಬ್ಬರನ್ನೂ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದರು. ನಮ್ಮ ಹಿಂದೆ ಒಂದು ಲೈಟುಕಂಬ, ಒಂದು ಸ್ಕೂಟರು, ಬಾಳೆಹಣ್ಣಿನ ಗಾಡಿ ಇದ್ದವು. ಬೆರಳಿನಿಂದ ಸವರಿದ್ದೇ ತಡ, ಕಂಬ ಮಾಯ. ಇನ್ನೊಂದು ಸವರಿಗೆ ಸ್ಕೂಟರು ಮಾಯ. ಬಾಳೆಹಣ್ಣಿನ ಗಾಡಿ ಇದ್ದ ಕಡೆ ಗಾರೆ ಗೋಡೆ ತಾನಾಗಿ ಬೆಳೆದುಕೊಂಡಿತು.

"ಬೇಡ ಅನ್ಸಿದ್ದು ಏನ್ ಬೇಕಾದ್ರೂ ತೆಗೀಬೋದು ಕಣಮ್ಮ. ಬೇಕಂದ್ರೆ ನಮ್ ಸಾಹೇಬ್ರನ್ನೂ ತೆಗೀಬೋದು," ಎಂದು ನಗುತ್ತ ಅವರು ಯಜಮಾನರ ಮೇಲೆ ಬೆರಳು ಸವರಿದರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸು ಒಂದು ಉಸಿರಿನಷ್ಟು ಹೊತ್ತಿನಲ್ಲಿ ಗೋಡೆಯಾಗಿಬಿಟ್ಟರು. ಅವರು ನಿಂತಿದ್ದ ಗುರುತಿಗೆ ಒಂದು ನೆರಳೂ ಉಳಿಯಲಿಲ್ಲ. ಯಜಮಾನರು ಖುಷಿಯಾಗಿ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇದ್ದವರನ್ನು ಇಲ್ಲವೆನಿಸುವ ಯಂತ್ರ, ಇಲ್ಲದ್ದನ್ನು ಇತ್ತೆಂದೂ ಹೇಳದೆ ಇರುತ್ತದೆಯೇ? ನಾನು ಹಟ ಹಿಡಿದು ಹಳೆಯ ದಾಸ್ತಾನಿನಲ್ಲಿ ಹುಡುಕಿಸಿ ಬ್ಯಾಟರಿ ಕೊಂಡೇ ಬಂದೆ.

ಈ ಅನುಮಾನಕ್ಕೆ ಒಂದು ಹಿನ್ನೆಲೆಯಿದೆ. ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಅವ್ವ ತೀರಿಕೊಂಡಳು. ಅವಳದು ಎಂದು ಒಂದು ಬಿಡಿ ಫೋಟೋ ಇಲ್ಲ. ಚಿಕ್ಕಪ್ಪನ ಮದುವೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದಾಳೆ, ಮುಖ ಕಡಲೆಬೇಳೆಯಷ್ಟು. ಹೋದ ವರ್ಷ ಚೈತ್ರ ನನ್ನ ಹುಟ್ಟುಹಬ್ಬಕ್ಕೆಂದು ಆ ಕಡಲೆಬೇಳೆಯನ್ನೇ ತನ್ನ ಫೋನಿಗೆ ಹಾಕಿ, ಅದೇನೋ ಮಾಡಿ, ಗೋಡೆಗೆ ತೂಗುಹಾಕುವಷ್ಟು ದೊಡ್ಡ ಅಜ್ಜಿಯನ್ನು ತಯಾರಿಸಿ ತಂದಳು. ಬಂಗಾರದ ಕಟ್ಟಿನೊಳಗೆ ಕೆನೆಬಣ್ಣದ ಹೆಂಗಸೊಬ್ಬಳು ಹಲ್ಲು ಬಿಟ್ಟು ನಗುತ್ತಿದ್ದಳು. ಅವ್ವ ಕಪ್ಪಗಿದ್ದಳು. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅವ್ವನ ಹಣೆಯಲ್ಲಿ ಮೂರು ಗೆರೆ ವಿಭೂತಿ ಇಲ್ಲದ ದಿನವನ್ನು ನಾನು ಕಂಡಿಲ್ಲ. ಫೋನು ಅದನ್ನು ಕೊಳೆಯೆಂದು ತಿಳಿದು ಒರೆಸಿಬಿಟ್ಟಿತ್ತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಅಂದೆ. ಚೈತ್ರಳ ಮುಖ ಸಣ್ಣದಾಯಿತು. ನಾನು ಹಾಗೆ ಅನ್ನಬಾರದಿತ್ತು, ಮಗು ಪ್ರೀತಿಯಿಂದ ಮಾಡಿಸಿ ತಂದದ್ದು. ಮುಖ ನುಣುಪು ಮಾಡುವುದನ್ನು ಆಫ್ ಮಾಡಬಹುದಮ್ಮ, ನಾನು ಮರೆತಿದ್ದೆ ಎಂದಳು. ಆಫ್ ಆಗಿದೆ ಎಂದು ಹೇಳುವುದೂ ಅದೇ ಫೋನು ತಾನೆ ಎಂದು ನಾನು ಕೇಳಿದೆ. ಆದರೆ ನಿಜವಾದ ಸಂಕಟ ಅದಲ್ಲ. ಆ ಪರಕೀಯ ಹೆಂಗಸನ್ನು ದಿನಾ ನೋಡಿ ನೋಡಿ, ಕಣ್ಣು ಮುಚ್ಚಿದರೂ ಅವಳೇ ಬರತೊಡಗಿದ್ದಳು. ಅವ್ವನ ಮುಖ ನನಗೆ ಮೊದಲೇ ಮಸುಕು. ಇದ್ದ ಮಸುಕೂ ಹೋಗುತ್ತಿತ್ತು. ಅವ್ವನಲ್ಲಿ ನನಗೆ ಸ್ಪಷ್ಟವಾಗಿ ಉಳಿದಿದ್ದು ಕೈ ಒಂದೇ. ಬೆಳಿಗ್ಗೆ ಹಿಂದೆ ಕೂತು ನನಗೆ ಜಡೆ ಹಾಕಿ, ಕೊನೆಯಲ್ಲಿ ಕೈಯನ್ನು ಮುಂದಕ್ಕೆ ತಂದು ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಆಗ ಮುಂಗೈ ಮೇಲಿನ ಹಚ್ಚೆ ನನ್ನ ಕಣ್ಣ ಮುಂದೆಯೇ ಹಾದು ಹೋಗುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ನಡುವೆ ಒಂದು. ತವರೂರು ಬಾಗೂರಿನಲ್ಲಿ ಚಿಕ್ಕಂದಿನಲ್ಲಿ ಹಾಕಿಸಿಕೊಂಡದ್ದಂತೆ. ನಮ್ಮ ಮನೆಯ ಹೆಂಗಸರಲ್ಲಿ ಹಚ್ಚೆ ಇದ್ದವಳು ಅವಳೊಬ್ಬಳೇ.

ಹಾಗಾದರೆ ಕ್ಯಾಮೆರಾ ಸತ್ಯವಂತನೇ ಎಂದು ನೀವು ಕೇಳಿದರೆ, ಅಲ್ಲಿಯೂ ನನ್ನ ಅನುಭವ ನೆಟ್ಟಗಿಲ್ಲ. ಫೋನಿನ ಮೇಲಿನದು ನಿನ್ನೆ ಮೊನ್ನೆಯ ಅನುಮಾನ. ಕ್ಯಾಮೆರಾದ ಮೇಲಿನದು ಪಿತ್ರಾರ್ಜಿತ. ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನಮ್ಮ ಅಪ್ಪನದು ಬಟ್ಟೆ ಅಂಗಡಿ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಅಂಗಡಿಗೆ ಮಾಲು ತರಲು ಹೋದವನು ಒಂದು ಸಲ ಸೀರೆಗಳ ಗಂಟಿನ ಜೊತೆಗೆ ಕ್ಯಾಮೆರಾವನ್ನೂ ತಂದ. ಒಂದು ರೀಲಿಗೆ ಹನ್ನೆರಡೇ ಫೋಟೋ. ನಮ್ಮ ಮನೆಯಲ್ಲಿ ಊಟಕ್ಕೆ ಕೂರುವವರೇ ಹದಿನಾರು ಜನ. ಹಬ್ಬಕ್ಕೆ ಬರುವ ನೆಂಟರು ಬೇರೆ. ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಬಿಟ್ಟರೆ ಮೂರು ತಲೆಮಾರಿನ ಜಗಳ. ಆಗಿನವರಿಗೆ ಒಂದು ನಂಬಿಕೆಯಿತ್ತು. ಬೆಳಕು ಫಳ್ ಎಂದರೆ ಮಾತ್ರ ಫೋಟೋ ಆಯಿತು, ಇಲ್ಲದಿದ್ದರೆ ಇಲ್ಲ. ಉರಿಬಿಸಿಲಿನಲ್ಲಿ ನಿಲ್ಲಿಸಿ ತೆಗೆದರೂ, "ಬೆಳಕೇ ಬರ್ನಿಲ್ಲ, ಇನ್ನೊಂದ್ ಕಿತ ತಗಿ" ಎಂದು ದಬಾಯಿಸುತ್ತಿದ್ದರು.

ಈ ನಂಬಿಕೆಯೇ ಚಿಕ್ಕಪ್ಪನ ಕೈಗೆ ಸಿಕ್ಕ ವರ. ಕ್ಯಾಮೆರಾದ ತಲೆಯ ಮೇಲೆ ಬ್ಯಾಟರಿ ಹಾಕುವ ಒಂದು ಫ್ಲ್ಯಾಶ್ ಡಬ್ಬಿ ಕೂರುತ್ತಿತ್ತು. ಅದರ ಬೆನ್ನಿನಲ್ಲಿ ಪುಟ್ಟ ಗುಂಡಿ. ಅದನ್ನು ಒತ್ತಿದರೆ ಬೆಳಕು ಫಳ್ಳೆನ್ನುತ್ತಿತ್ತೇ ಹೊರತು ಒಳಗಿನ ರೀಲಿಗೆ ಏನೂ ಆಗುತ್ತಿರಲಿಲ್ಲ. ಬೇಕಾದವರಿಗೆ ಫೋಟೋ, ಉಳಿದವರಿಗೆ ಬರೀ ಬೆಳಕು. ಬರೀ ಬೆಳಕು ಬಿದ್ದವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವರೂ ಪೌಡರು ಹಚ್ಚಿ, ಉಸಿರು ಬಿಗಿಹಿಡಿದು ನಿಂತು, ಬೆಳಕು ಬಿದ್ದ ಮೇಲೆ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರು. ಫೋಟೋ ಎಲ್ಲಿ ಎಂದು ಆಮೇಲೆ ಕೇಳಿದರೆ, ರೀಲು ಸುಟ್ಟುಹೋಯಿತು ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ನಾನು ಈಗ ಪ್ರತಿ ವರ್ಷ ಪಾಠ ಮಾಡುತ್ತೇನೆ. ಪಾಠ ಮಾಡುವಾಗಲೆಲ್ಲ ಚಿಕ್ಕಪ್ಪನ ಬೆಳಕು ನೆನಪಾಗಿ ನಗು ಬರುತ್ತದೆ.

ಈ ಗುಟ್ಟು ನನಗೆ ಗೊತ್ತಾಗಿದ್ದು ದೊಡ್ಡಗದ್ದವಳ್ಳಿಗೆ ಹೋಗಿ ಬಂದ ಮೇಲೆ. ನನಗಾಗ ಹನ್ನೊಂದು ವರ್ಷ. ಮನೆಮಂದಿಯೆಲ್ಲ ಒಂದು ವ್ಯಾನಿನಲ್ಲಿ ತುಂಬಿಕೊಂಡು ಹೋಗಿದ್ದೆವು. ಅಂಗಡಿ, ಅಡುಗೆಮನೆ ಬಿಟ್ಟು ಅವ್ವ ಹೊರಗೆ ಕಾಲಿಟ್ಟ ಪ್ರವಾಸ ಅದೊಂದೇ. ಲಕ್ಷ್ಮೀದೇವಿ ಗುಡಿ ನೋಡಿ, ಕೆರೆ ಏರಿಯ ಪಕ್ಕ ಬುತ್ತಿ ಬಿಚ್ಚಿ ತಿಂದು, ಆಮೇಲೆ ಫೋಟೋ. ಎಲ್ಲರೂ ಬಲವಂತ ಮಾಡಿ ಅವ್ವನನ್ನು ಗುಡಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ಬೆಳಕು ಬಿತ್ತು. ಚಿಕ್ಕಮ್ಮಂದಿರು ಚಪ್ಪಾಳೆ ತಟ್ಟಿದರು. ಅನುಮಾನ ನನಗೆ ಆಗಲೇ ಇತ್ತು ಅಂತ ಕಾಣುತ್ತದೆ, ನಾನು ಆ ದಿನ ಬೆಳಕುಗಳನ್ನು ಎಣಿಸುತ್ತಿದ್ದೆ. ಹತ್ತೊಂಬತ್ತು ಬೆಳಕು. ಪ್ರಿಂಟು ಬಂದಿದ್ದು ಹನ್ನೆರಡು. ಅವ್ವ ಅವುಗಳಲ್ಲಿ ಇರಲಿಲ್ಲ.

ರೀಲು ಸುಟ್ಟುಹೋಯಿತು ಎಂದ ಚಿಕ್ಕಪ್ಪ. ಹನ್ನೆರಡನ್ನು ಬಿಟ್ಟು ಉಳಿದ ಏಳನ್ನು ಮಾತ್ರ, ಅದರಲ್ಲೂ ಅವ್ವನನ್ನು, ಆರಿಸಿ ಸುಡುವ ಬೆಂಕಿ ಯಾವುದು ಎಂದು ನಾನು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಚಿಕ್ಕಪ್ಪ ಆಗ ಅಂಗಿಯ ಗುಂಡಿ ಸರಿಮಾಡಿಕೊಂಡ. ಕೆಲವು ದಿನ ಕಾದು, ಅವನು ನೆಂಟರ ಮಗುವೊಂದಕ್ಕೆ ಬರೀ ಬೆಳಕು ಬಿಡುವುದನ್ನು ನಾನು ಹಿಂದಿನಿಂದ ನಿಂತು ನೋಡಿಯೇಬಿಟ್ಟೆ. ಯಾರಿಗೂ ಹೇಳಲಿಲ್ಲ. ಆದರೆ ನಮ್ಮವ್ವನಿಗೆ ಹೀಗೆ ಮಾಡಿದನಲ್ಲ ಎಂಬ ಸಿಟ್ಟು ಒಳಗೇ ಉಳಿದುಬಿಟ್ಟಿತು. ಅವ್ವ ತೀರಿಕೊಂಡ ಮೇಲೆ ಅದು ಇನ್ನೂ ದೊಡ್ಡದಾಯಿತು.

ಆ ಹನ್ನೆರಡರಲ್ಲಿ ನನ್ನದೂ ಒಂದಿತ್ತು. ಬೆಳಕು ಬಿದ್ದರೆ ಕಣ್ಣು ಮುಚ್ಚುವುದು ನನ್ನ ಅಭ್ಯಾಸ, ಅದರಲ್ಲೂ ಮುಚ್ಚಿದ್ದೆ. ಸಾಲದ್ದಕ್ಕೆ ಅಂಚಿನಿಂದ ಯಾರದೋ ಕೈಯೊಂದು ನುಗ್ಗಿ ನನ್ನ ರಿಬ್ಬನ್ನನ್ನು ಹಿಡಿದಿತ್ತು. ಎಲ್ಲದಕ್ಕೂ ಮುಂದೆ ಬರುವ ದೊಡ್ಡಪ್ಪನ ಮಗಳದ್ದೇ ಇರಬೇಕೆಂದು ನಾನು ಅವಳ ಹತ್ತಿರ ಒಂದು ವಾರ ಮಾತು ಬಿಟ್ಟಿದ್ದೆ. ಆ ವರ್ಷ ಸ್ಕಾಲರ್‌ಶಿಪ್ಪಿನ ಅರ್ಜಿಗೆ ಫೋಟೋ ಬೇಕೆಂದರು. ಬೇರೆ ಎಲ್ಲಿದೆ? ಅವ್ವನ ಕತ್ತರಿ ತಂದು ನನ್ನ ತಲೆಯನ್ನು ಚೌಕವಾಗಿ ಕತ್ತರಿಸಿ ಅಂಟಿಸಿದೆ. ನಿದ್ದೆ ಮಾಡುವ ಮಕ್ಕಳಿಗೂ ಸ್ಕಾಲರ್‌ಶಿಪ್ಪು ಕೊಡುತ್ತಾರೇನಮ್ಮ ಎಂದು ಹೆಡ್‌ಮಾಸ್ಟರು ಕೇಳಿದ್ದು ಇನ್ನೂ ನೆನಪಿದೆ. ಮಿಕ್ಕ ಚೂರನ್ನು ಒಲೆಗೆ ಹಾಕಲು ಹೊರಟಿದ್ದೆ. ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಗಳಿಗೆ ನೋಡಿ, ವಾಪಸ್ ಕೊಟ್ಟಳು. "ಬಿಸಾಕ್ಬ್ಯಾಡ. ಮಡಿಕ್ಕೊ, ಬೇಕಾಯ್ತದೆ," ಎಂದಳು. ತಲೆಯಿಲ್ಲದ ಫೋಟೋ ಯಾರಿಗೆ ಬೇಕಾಗುತ್ತದೆ ಎಂದು ನನಗೆ ನಗು ಬಂದಿತ್ತು.

ಇಷ್ಟೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಹಾಸನದಿಂದ ಬಂದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಜಮಾನರು ಗೋಡೆಯಾದದ್ದೇ ಕಣ್ಣ ಮುಂದೆ ಬರುತ್ತಿತ್ತು. ಫೋನು ಅವ್ವನನ್ನು ಒರೆಸಿತು, ಕ್ಯಾಮೆರಾ ಅವ್ವನನ್ನು ತೆಗೆಯಲೇ ಇಲ್ಲ. ಯಾವುದನ್ನು ಬ್ಯಾಗಿಗೆ ಹಾಕಿಕೊಳ್ಳಬೇಕೆಂಬುದು ಆಮೇಲಿನ ಮಾತು, ಮೊದಲು ಕಂಬಕ್ಕೊರಗಿದ್ದ ಅವ್ವ ಏನಾದಳೆಂದು ತಿಳಿಯಬೇಕು. ಚಿಕ್ಕಪ್ಪ ಈಗ ಚನ್ನರಾಯಪಟ್ಟಣದಲ್ಲಿದ್ದಾನೆ. ಅಲ್ಲಿ ನಮ್ಮ ಅಂಗಡಿಯ ಇನ್ನೊಂದು ಶಾಖೆ ತೆರೆದು, ಈಗ ಅದನ್ನು ಮಗನಿಗೆ ವಹಿಸಿ, ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಾನೆ. ಎಂಬತ್ತು ದಾಟಿದೆ. ಅವನ ಆ ಹಳೆಯ ರೀಲಿನ ಕ್ಯಾಮೆರಾ ಇದೆಯೇ ಎಂದು ಕೇಳುವ ನೆಪ ಮಾಡಿಕೊಂಡು ಒಂದು ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿದೆ.

ಕ್ಯಾಮೆರಾ ಎಂದೋ ತುಕ್ಕು ಹಿಡಿದು ಹೋಯಿತೆಂದ. ಕಾಫಿ ತರಿಸಿದ. ಕನ್ಯಾಕುಮಾರಿಯ ವಿಷಯ ಕೇಳಿ ಸಂತೋಷಪಟ್ಟ. ನಾನು ಲೋಟ ಕೆಳಗಿಟ್ಟು ನೇರವಾಗಿ ಕೇಳಿಬಿಟ್ಟೆ. ದೊಡ್ಡಗದ್ದವಳ್ಳಿಯಲ್ಲಿ ಅವ್ವನಿಗೆ ಬರೀ ಬೆಳಕು ಬಿಟ್ಟೆಯಾ, ನಿಜ ಹೇಳು ಎಂದೆ. ಚಿಕ್ಕಪ್ಪನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಯಿತು.

"ಊಂ ಕಣವ್ವ, ಬರೀ ಬೆಳಕೇ," ಎಂದ. "ಆದ್ರೆ ನಾನಾಗ್ ನಾನು ಮಾಡ್ನಿಲ್ಲ. ಅತ್ಗೇನೇ ಯೋಳಿದ್ದು. ರೀಲಲ್ಲಿ ಒಂದೇ ಉಳ್ದಿತ್ತು. ನನ್ ಅತ್ರ ಬಂದು, 'ನಂಗೆ ಬರೀ ಬೆಳಕು ಬುಡಪ್ಪ, ಆ ಒಂದು ಮಗೀಗಿರ್ಲಿ' ಅಂದ್ರು."

ಅವ್ವನಿಗೆ ಆ ಗುಂಡಿಯ ಗುಟ್ಟು ಗೊತ್ತಿತ್ತೇ ಎಂದು ಕೇಳಿದೆ. ಮೊದಲಿನಿಂದಲೂ ಗೊತ್ತಿತ್ತಂತೆ. ಒಂದು ದಿನ ಅವನು ಬ್ಯಾಟರಿ ಹಾಕಿ ಪರೀಕ್ಷೆ ಮಾಡುವಾಗ ನೋಡಿದ್ದಳಂತೆ. ಯಾರಿಗೂ ಹೇಳದೆ, ಬರೀ ಬೆಳಕಿಗೆ ಪೌಡರು ಹಚ್ಚಿಕೊಂಡು ನಿಲ್ಲುವ ಓರಗಿತ್ತಿಯರನ್ನು ನೋಡಿ ಸೆರಗಿನೊಳಗೇ ನಗುತ್ತಿದ್ದಳಂತೆ. ನನಗೆ ಅವ್ವನ ಬಗ್ಗೆ ಇಷ್ಟು ವರ್ಷದಲ್ಲಿ ಸಿಕ್ಕ ಹೊಸ ಸುದ್ದಿ ಇದು. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡೆ.

ಚಿಕ್ಕಪ್ಪ ನಿಲ್ಲಿಸಲಿಲ್ಲ. "ನಿನ್ನ ನಿಲ್ಲಿಸ್ದಾಗ ರಿಬ್ಬನ್ ಜಾರಿತ್ತು. ಸರಿ ಮಾಡಕ್ಕೆ ಅಂತ ಅತ್ಗೆ ನಿನ್ ಹಿಂದ್ಗಡೆಯಿಂದ ಬಂದ್ರು. ಸರ್ಕೊಳ್ಳಿ ಅಂತ ನಾನು ಕಾಯ್ಬೋದಿತ್ತು, ಕಾಯ್ನಿಲ್ಲ. ಮೊಕ ಅಂತೂ ಕೊಡ್ನಿಲ್ಲ ಪುಣ್ಯಾತ್ಗಿತ್ತಿ, ಕೈಯಾದ್ರೂ ಬರ್ಲಿ ಅಂತ ಒತ್ಬುಟ್ಟೆ."

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನಾನು ಆ ಫೋಟೋವನ್ನು ಕತ್ತರಿಸಿ ಅರ್ಜಿಗೆ ಅಂಟಿಸಿದ ವಿಷಯ ಅವ್ವನೇ ನಗುತ್ತ ಅವನಿಗೆ ಹೇಳಿದ್ದಳಂತೆ. ಫೋಟೋನೇ ಇಲ್ಲದ ಮೇಲೆ ಹೇಳಿ ತಬ್ಬಲಿ ಮಗುವನ್ನು ಯಾಕೆ ಅಳಿಸಬೇಕು ಅಂದುಕೊಂಡನಂತೆ. ಹೊರಡುವಾಗ ಅಂಗಡಿಯಿಂದ ಒಂದು ರವಿಕೆ ಕಣ ಕೊಟ್ಟ. ನಾನು ಅದರ ಬಣ್ಣ ಹೋಗುತ್ತದೋ ಇಲ್ಲವೋ ಎಂದು ಉಜ್ಜಿ ನೋಡದೆ ಬ್ಯಾಗಿಗೆ ಹಾಕಿಕೊಂಡೆ. ಹಾಗೆ ಮಾಡಿದ್ದು ಜೀವಮಾನದಲ್ಲಿ ಮೊದಲ ಸಲ ಇರಬೇಕು.

ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಬಸ್ಸು ಹೊಳೆನರಸೀಪುರಕ್ಕೆ ಬರುವಷ್ಟರಲ್ಲಿ ಅನುಮಾನ ಪಕ್ಕದ ಸೀಟಿನಲ್ಲಿ ಬಂದು ಕೂತಿತ್ತು. ಜೀವನವಿಡೀ ಬರೀ ಬೆಳಕು ಬಿಟ್ಟ ಮನುಷ್ಯ, ಈಗ ಮುದಿವಯಸ್ಸಿನಲ್ಲಿ ನನ್ನ ಮೇಲೂ ಒಂದು ಬಿಟ್ಟಿರಬಾರದೇಕೆ? ಬಂದವಳನ್ನು ಸಮಾಧಾನಪಡಿಸಿ ಕಳಿಸೋಣ ಅಂದುಕೊಂಡಿರಬಹುದು. ಅವನ ತಪ್ಪು ಮುಚ್ಚಿತು, ನನ್ನ ಸಿಟ್ಟೂ ಇಳಿಯಿತು, ಇದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದಿದೆ? ಬಟ್ಟೆ ಅಂಗಡಿಯವರ ಮಾತು, ಅಂಗಡಿಯ ದೀಪದಲ್ಲಿ ಒಂದು ಬಣ್ಣ, ಮನೆಗೆ ಬಂದು ನೋಡಿದರೆ ಇನ್ನೊಂದು. ಅದು ಅವ್ವನ ಕೈಯೇ ಆಗಿರಲಿ ಎಂದು ನನಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಯ ಮೇಲೂ ನನಗೆ ಅನುಮಾನ ಬಂತು. ಪರೀಕ್ಷೆ ಮಾಡಲು ಇದ್ದದ್ದು ಒಂದೇ ದಾರಿ.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಬಿಸ್ಕತ್ತಿನ ಡಬ್ಬ ಎಳೆದೆ. ಏಳನೇ ತರಗತಿಯ ಅಂಕಪಟ್ಟಿಯ ಜೊತೆಗಿದ್ದ ಲಕೋಟೆಯಲ್ಲಿ ಅದು ಇತ್ತು. ಹಳದಿಗಟ್ಟಿದ ಕಪ್ಪುಬಿಳುಪಿನ ಚೂರು. ಲಂಗ, ಬರಿಗಾಲು, ಹಿಂದೆ ಕೆರೆಯ ನೀರು. ತಲೆ ಇರಬೇಕಾದ ಕಡೆ ಚೌಕವಾದ ತೂತು. ತೂತಿನ ಪಕ್ಕದಲ್ಲಿ ಆ ಕೈ. ಕತ್ತರಿ ಬೆರಳತುದಿಗಳನ್ನು ಕಚ್ಚಿತ್ತು, ಮುಂಗೈ ಉಳಿದಿತ್ತು. ಚಾಳೀಸು ಹಾಕಿಕೊಂಡು ಕಿಟಕಿಗೆ ಹಿಡಿದರೂ ಸರಿಯಾಗಿ ಕಾಣಲಿಲ್ಲ. ಯಜಮಾನರು ತಮ್ಮ ಮೂರು ಕಣ್ಣಿನ ಫೋನು ತಂದು ಅದರ ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದರು. ಕೈ ದೊಡ್ಡದಾಗಿ ಕಂಡಿತು. ನುಣ್ಣಗಿತ್ತು. ಬೆಳ್ಳಗಿತ್ತು. ಒಂದೂ ಚುಕ್ಕಿ ಇರಲಿಲ್ಲ.

ಚಿಕ್ಕಪ್ಪ ಬರೀ ಬೆಳಕು ಬಿಟ್ಟಿದ್ದ, ನಾನು ಅದಕ್ಕೆ ಕಣ್ಣೀರು ತುಂಬಿಕೊಂಡು ಕೂತಿದ್ದೆ. ವಯಸ್ಸಾದವರು, ಹೋಗಲಿ ಬಿಡು ಎಂದರು ಯಜಮಾನರು. ಬಿಡಬೇಕೆಂದೇ ನಾನೂ ಅಂದುಕೊಂಡೆ. ಚೂರನ್ನು ಲಕೋಟೆಗೆ ಹಾಕುವಾಗ ಗೋಡೆಯ ಮೇಲಿನ ಕೆನೆಬಣ್ಣದ ಹೆಂಗಸು ಕಣ್ಣಿಗೆ ಬಿದ್ದಳು. ವಿಭೂತಿಯನ್ನೇ ಕೊಳೆಯೆಂದು ಒರೆಸುವ ಫೋನುಗಳಿಗೆ ಹಚ್ಚೆ ಯಾವ ಲೆಕ್ಕ? ಎದ್ದು ನನ್ನ ಸ್ಕೂಲಿನ ಬ್ಯಾಗಿನಿಂದ ಭೂತಗನ್ನಡಿ ತೆಗೆದೆ. ಬಿಸಿಲಿನಲ್ಲಿ ಕಾಗದ ಸುಟ್ಟು ಮಕ್ಕಳಿಗೆ ತೋರಿಸುವ ಅದೇ ಭೂತಗನ್ನಡಿ. ಅಂಗಳದ ಬಿಸಿಲಿಗೆ ಹೋಗಿ, ಸುಡದಷ್ಟು ದೂರದಲ್ಲಿ ಹಿಡಿದು ನೋಡಿದೆ.

ಕೈ ಕಪ್ಪಗಿತ್ತು. ಮುಂಗೈ ಮೇಲೆ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ನಡುವೆ ಒಂದು.

ನಾನು ಮತ್ತೆ ಮತ್ತೆ ಎಣಿಸಿದೆ. ಮಸೂರದಲ್ಲೇ ಕಲೆಯಿರಬಹುದೆಂದು ಸೆರಗಿನಲ್ಲಿ ಒರೆಸಿ ಎಣಿಸಿದೆ. ಐದೇ ಇದ್ದವು. ಚಿಕ್ಕಪ್ಪ ಬೇಕೆಂದೇ ಒತ್ತಿದನೋ, ಅಥವಾ ಕೈ ಅಚಾನಕ್ಕಾಗಿ ಬಂದದ್ದಕ್ಕೆ ಈಗ ಕತೆ ಕಟ್ಟಿದನೋ, ಅದು ಯಾವ ಭೂತಗನ್ನಡಿಗೂ ಕಾಣುವುದಿಲ್ಲ. ಆ ಒಂದು ಅನುಮಾನವನ್ನು ನಾನು ಹಾಗೇ ಬಿಟ್ಟಿದ್ದೇನೆ. ಆದರೆ ಅವ್ವ ಆ ಚೂರನ್ನು ಒಂದು ಗಳಿಗೆ ಹಿಡಿದು ನೋಡಿ ನನಗೆ ವಾಪಸ್ ಕೊಟ್ಟದ್ದು ಯಾಕೆಂದು ಈಗ ಗೊತ್ತಾಯಿತು. ತನ್ನ ಕೈಯನ್ನು ಅವಳು ಗುರುತು ಹಿಡಿದಿದ್ದಳು. ನನ್ನದು ಎಂದು ಹೇಳಲೂ ಇಲ್ಲ. ನಿಂತಿರುವುದು ಅಂಗಳದಲ್ಲಿ ಎಂಬುದನ್ನೂ ಲೆಕ್ಕಿಸದೆ ಅತ್ತುಬಿಟ್ಟೆ.

ಸಂಜೆ ಚೈತ್ರ ಬಂದಳು. ಎಲ್ಲ ಕೇಳಿ ಗೋಡೆಯ ಮೇಲಿನ ಹೆಂಗಸನ್ನು ತಾನೇ ಇಳಿಸಿದಳು. ಚೂರನ್ನು ಬಹಳ ಹೊತ್ತು ನೋಡಿ, ಆ ತೂತಿಗೆ ನಿನ್ನ ಮುಖ ಕೂರಿಸಿಕೊಡಲಾ ಎಂದು ಕೇಳಿದಳು. ಬೇಡವೆಂದೆ. ನನ್ನ ತಲೆ ಎಲ್ಲಿತ್ತೆಂದು ಆ ಕೈಗೆ ಗೊತ್ತಿದೆ. ಚೂರು ಈಗ ಆ ಬಂಗಾರದ ಕಟ್ಟಿನೊಳಗಿದೆ, ತೂತಿನ ಸಮೇತ.

ಪ್ರವಾಸಕ್ಕೆ ಕ್ಯಾಮೆರಾನೇ ಎಂದು ತೀರ್ಮಾನವಾಯಿತು. ಅದು ಫೋನಿಗಿಂತ ಚೆನ್ನಾಗಿ ತೆಗೆಯುತ್ತದೆ ಎಂದಲ್ಲ. ಅದಕ್ಕೆ ಒರೆಸುವುದು ಬರುವುದಿಲ್ಲ, ಅಷ್ಟೇ. ಹೊರಡುವ ಹಿಂದಿನ ದಿನ ಹೊಸ ಬ್ಯಾಟರಿಯ ಪರೀಕ್ಷೆಗೆಂದು ಯಜಮಾನರು ಚೈತ್ರಳನ್ನು ಅಂಗಳದಲ್ಲಿ ನಿಲ್ಲಿಸಿದರು. ನನಗೂ ಒಂದು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಕೂದಲು ಕಣ್ಣಿನ ಮೇಲೆ ಬಿದ್ದಿತ್ತು. ಸರಿಮಾಡೋಣವೆಂದು ಹೋದೆ, ಅಷ್ಟರಲ್ಲಿ ಅವರು ಒತ್ತಿಬಿಟ್ಟರು. ಬೆಳಕೂ ಬಿತ್ತು. ಚೈತ್ರ ಓಡಿಹೋಗಿ ಕ್ಯಾಮೆರಾದ ಬೆನ್ನಿನಲ್ಲಿ ನೋಡಿ, "ಅಮ್ಮ, ನಿನ್ ಕೈ ಬಂದ್ಬಿಟ್ಟಿದೆ, ಡಿಲೀಟ್ ಮಾಡಿ ಇನ್ನೊಂದ್ ತೆಗೀತಾರೆ ಇರು," ಎಂದಳು.

"ಬೇಡ ಕಣೆ," ಎಂದೆ. "ಇರ್ಲಿ, ಬೇಕಾಗುತ್ತೆ."